ಶ್ರೀನಗರ ಹತ್ತಿರ, ನಮ್ಮನೆ ದೂರ

ನಮ್ಮ ಮನೆ ರಾಷ್ಟ್ರೀಯ ಹೆದ್ದಾರಿ 44ರ ಪಕ್ಕದಲ್ಲಿದೆ. ಚಿಕ್ಕಬಳ್ಳಾಪುರ ತಾಲ್ಲೂಕು, ಪೇರೇಸಂದ್ರದಿಂದ ಸ್ವಲ್ಪ ದೂರ. ಜಗಲಿಯ ಮೇಲೆ ಕೂತು ಎಡಕ್ಕೆ ನೋಡಿದರೆ ಶ್ರೀನಗರದ ದಾರಿ. ಬಲಕ್ಕೆ ನೋಡಿದರೆ ಕನ್ಯಾಕುಮಾರಿಯ ದಾರಿ. ಎದುರಿಗೆ, ರೋಡಿನಾಚೆ, ನಮ್ಮ ಹೊಲ. ಈ ಮೂರರಲ್ಲಿ ತಲುಪೋಕೆ ಕಷ್ಟ ಯಾವುದು ಅಂದರೆ ಹೊಲವೇ.

ಹಿಂದೆ ಹೀಗಿರಲಿಲ್ಲ. ಎರಡು ಲಾರಿ ಎದುರುಬದುರಾದರೆ ಒಂದು ಮಣ್ಣಿಗಿಳಿಯಬೇಕು, ಅಷ್ಟಗಲದ ರೋಡು. ಆಕಡೆ ಈಕಡೆ ನೋಡಿ ದನ ಹೊಡೆದುಕೊಂಡು ದಾಟಿಬಿಡುತ್ತಿದ್ದೆವು. ಆಗ ಅದರ ನಂಬರ್ 7. ವಾರಾಣಸಿಯಿಂದ ಹೊರಟು ಕನ್ಯಾಕುಮಾರಿಗೆ ಹೋಗುತ್ತಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಹಾಕಿದರು. ಏಳು ಹಳೇ ಹೆದ್ದಾರಿಗಳನ್ನು ಕೌದಿ ಹೊಲಿದ ಹಾಗೆ ಸೇರಿಸಿ 44 ಅಂದರು. ಉದ್ದ 3,700 ಕಿಲೋಮೀಟರಿಗೂ ಜಾಸ್ತಿ, ದೇಶದಲ್ಲೇ ಉದ್ದದ್ದು. ನಮ್ಮಜ್ಜಿ ಆಗಿನ್ನೂ ಇದ್ದಳು. ಕಾಶಿಗೆ ಹೋಗೋ ಪುಣ್ಯ ಇಲ್ಲದಿದ್ದರೂ ಕಾಶಿ ರೋಡಿನ ಪಕ್ಕದಲ್ಲಾದರೂ ಇದ್ದೀವಿ ಅಂದುಕೊಂಡಿದ್ದಳು. ಅದನ್ನೂ ಕಿತ್ತುಕೊಂಡರಲ್ಲ ಅಂತ ತೆಲುಗಿನಲ್ಲಿ ಬೈದಳು. ಸಿಟ್ಟು ಬಂದರೆ ಅವಳಿಗೆ ಕನ್ನಡ ಸಾಲುತ್ತಿರಲಿಲ್ಲ.

ಆ ನಂಬರನ್ನು ನಮ್ಮ ಕಡೆ ಯಾರೂ ಬಾಯಲ್ಲಿ ಹೇಳೋದಿಲ್ಲ ಬಿಡಿ. ನಮಗದು ಹೈದರಾಬಾದ್ ರೋಡ್. ಬೆಂಗಳೂರಿನೊಳಗೆ ಅದೇ ರೋಡು ಬಳ್ಳಾರಿ ರೋಡ್.

ಇಂಥ ರೋಡಿನಲ್ಲಿ ಮೊನ್ನೆ ಮಳೆಗಾಲದಲ್ಲಿ ನನ್ನ ತಮ್ಮನ ಮಗ ಬಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಕಾರಲ್ಲಿ ಹೋಗೋದು ಅವನ ಆಸೆ. ದಾರಿಯಲ್ಲೇ ಮನೆ ಸಿಗುತ್ತೆ, ಊಟಕ್ಕೆ ಬರ್ತೀನಿ ದೊಡ್ಡಪ್ಪ ಅಂದಿದ್ದ. ನಾನೂ ಆಯ್ತಪ್ಪ ಅಂದೆ. ದಾರಿಯಲ್ಲೇ ಮನೆ ಇರೋದೇ ತೊಂದರೆ ಅಂತ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಬೆಳಗ್ಗೆ ಹನ್ನೊಂದೂವರೆಗೆ ಫೋನ್. "ದೊಡ್ಡಪ್ಪಾ, ಬಾಗೇಪಲ್ಲಿ ದಾಟಿದೆ, ಟೋಲೂ ದಾಟಿದೆ." ನಮ್ಮನೆಯವಳು ಮುದ್ದೆಗೆ ಎಸರಿಟ್ಟಳು. ಹುರುಳಿಕಾಳಿನ ಬಸ್ಸಾರು ಆಗಲೇ ತಯಾರಾಗಿತ್ತು.

ಹನ್ನೆರಡಕ್ಕೆ ಇನ್ನೊಂದು ಫೋನ್. "ದೊಡ್ಡಪ್ಪಾ, ನಿಮ್ಮನೆ ಕಾಣ್ತಾ ಇದೆ. ದೊಡ್ಡಮ್ಮ ಬಾಗಿಲಲ್ಲಿ ನಿಂತಿರೋದೂ ಕಾಣ್ತಾ ಇದೆ. ಒಳಗೆ ಬರೋದು ಹೇಗೆ?"

"ಕಾಣುತ್ತೆ ಕಣೋ, ಬರೋಕಾಗಲ್ಲ. ಎರಡು ಕಿಲೋಮೀಟರ್ ಮುಂದೆ ಹೋಗು, ಅಂಡರ್‌ಪಾಸ್ ಸಿಗುತ್ತೆ."

ಹೋದ. ಅಂಡರ್‌ಪಾಸ್ ಸಿಕ್ಕಿತು. ಅದರೊಳಗೆ ಸೊಂಟದುದ್ದ ನೀರೂ ಸಿಕ್ಕಿತು.

ಈ ನೀರಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮದು ವರ್ಷವಿಡೀ ಹರಿಯೋ ಒಂದು ಹೊಳೆಯೂ ಇಲ್ಲದ ಜಿಲ್ಲೆ. ಸಾವಿರ ಅಡಿ ಬೋರ್ ಕೊರೆದರೂ ಬರೀ ಧೂಳು ಬಂದ ಕಥೆ ಮನೆಮನೆಯಲ್ಲೂ ಇದೆ. ಕೆರೆ ತುಂಬಿಸೋಕೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಡೆಯ ಕೊಳಚೆ ನೀರನ್ನೇ ಶುದ್ಧಿ ಮಾಡಿ ಪೈಪಿನಲ್ಲಿ ತರುತ್ತಾರೆ. ಅಂಥ ಜಿಲ್ಲೆಯಲ್ಲಿ ಒಂದು ಅಡ್ಡಮಳೆ ಬಿದ್ದರೆ ಸಾಕು, ಪೈಪೂ ಬೇಡ, ಪಂಪೂ ಬೇಡ, ನಮ್ಮ ಅಂಡರ್‌ಪಾಸ್ ತಾನಾಗೇ ತುಂಬಿ ಹದಿನೈದು ದಿನ ನಿಲ್ಲುತ್ತದೆ. ಇಂಗೋದಿಲ್ಲ, ಹರಿಯೋದಿಲ್ಲ. ಇಷ್ಟು ಚೆನ್ನಾಗಿ ನೀರು ಹಿಡಿಯೋ ಕೆರೆಯನ್ನು ನಮ್ಮ ಪಾಳೇಗಾರರೂ ಕಟ್ಟಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ತಾಲ್ಲೂಕೇ. ನೀರು ಒಂದು ಮಟ್ಟ ಮೀರಿದರೆ ತಾನಾಗೇ ತೆರೆಯುವ ಗೇಟನ್ನು ಅವರು 1903ರಲ್ಲೇ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಮಾಡಿಕೊಟ್ಟರು. ಅವರೂರಿನ ಪಕ್ಕದ ಅಂಡರ್‌ಪಾಸಿಗೆ ಒಂದು ಮೋರಿ ಇಡೋದು ಯಾರಿಗೂ ನೆನಪಾಗಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ, ಇಂಜಿನಿಯರ್‌ಗಳ ದಿನದಂದು, ಹಾರದ ಬುಟ್ಟಿ ಹೊತ್ತ ಗಾಡಿಗಳು ಮುದ್ದೇನಹಳ್ಳಿಗೆ ಹೋಗುತ್ತವೆ. ಪಾಪ, ಮೇಲಿನ ರೋಡಿನಲ್ಲೇ ಹೋಗುತ್ತವೆ.

"ಇನ್ನೂ ಮುಂದೆ ಹೋಗಪ್ಪ. ಫ್ಲೈಓವರ್ ಕೆಳಗೆ ತಿರುಗಿಸಿಕೊಂಡು ಈ ಕಡೆ ರೋಡಿಗೆ ಬಾ" ಅಂದೆ. ಎಸರು ಕುದಿಯುತ್ತಿತ್ತು. "ಹಿಟ್ಟು ಹಾಕ್ಲಾ?" ಅಂತ ನಮ್ಮನೆಯವಳು ಕೇಳಿದಳು. ಸ್ವಲ್ಪ ತಡಿ ಅಂದೆ.

ಹತ್ತು ನಿಮಿಷಕ್ಕೆ ಅವನ ಕಾರು ನಮ್ಮ ಕಡೆಯ ರೋಡಿನಲ್ಲೇ ಬಂತು. ಮನೆಯಿಂದ ಇಪ್ಪತ್ತು ಹೆಜ್ಜೆ. ಮಧ್ಯದಲ್ಲಿ ಉದ್ದಕ್ಕೂ ಕಬ್ಬಿಣದ ತಡೆ. ಸರ್ವೀಸ್ ರೋಡಿಗೆ ಇಳಿಯೋ ದಾರಿ ಒಂದು ಕಿಲೋಮೀಟರ್ ಹಿಂದೆಯೇ ಹೋಯ್ತು. ಅಲ್ಲಿ ಬೋರ್ಡ್ ಇದೆ, ಆದರೆ ಅದಕ್ಕೆ ಮುಂದಿನ ಚುನಾವಣೆಗೆ ನಿಲ್ಲೋರೊಬ್ಬರು ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿಸಿದ್ದಾರೆ. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿತ್ತು, ನಿಲ್ಲಿಸೋ ಹಾಗಿರಲಿಲ್ಲ. ಹುಡುಗ ಕಿಟಕಿ ಇಳಿಸಿ ಟಾಟಾ ಮಾಡಿದ. ನಾವೂ ಟಾಟಾ ಮಾಡಿದೆವು. ಮತ್ತೆ ಶ್ರೀನಗರದ ಕಡೆ ಹೊರಟುಹೋದ.

ಮುಂದೆ ಎಲ್ಲೂ ತಿರುಗಿಸೋಕೆ ಜಾಗವಿಲ್ಲ, ಟೋಲ್ ದಾಟಿದ ಮೇಲೇ. ಅವನ ಹತ್ತಿರ ವಾರ್ಷಿಕ ಪಾಸ್ ಇತ್ತು. 2025ರ ಆಗಸ್ಟ್ 15ರಿಂದ ಬಂತಲ್ಲ, ಶುರುವಿನಲ್ಲಿ 3,000 ರೂಪಾಯಿಗೆ 200 ಟ್ರಿಪ್ ಇತ್ತು, ಅದು. ಒಂದು ಟೋಲ್ ದಾಟಿದರೆ ಒಂದು ಟ್ರಿಪ್ ಖರ್ಚು. ದೊಡ್ಡಮ್ಮನ ಕೈಯ ಮುದ್ದೆಗೆ ಹೋಗಿ ಒಂದು, ಬಂದು ಒಂದು, ಎರಡು ಟ್ರಿಪ್ ಕಟ್ ಆದವು.

ಟೋಲ್ ಸಾಲಿನಲ್ಲಿ ನಿಂತೇ ಫೋನ್ ಮಾಡಿದ. ಒಂದು ಗಾಡಿಗೆ 10 ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು ಅಂತ 2021ರ ಮೇ ತಿಂಗಳಲ್ಲಿ ಹೆದ್ದಾರಿ ಪ್ರಾಧಿಕಾರವೇ ಹೇಳಿತ್ತು. ಮುಂದಿನ ಲಾರಿಯ ಫಾಸ್ಟ್ಯಾಗನ್ನು ಮೇಲಿನ ರೀಡರ್ ಓದಲಿಲ್ಲವಂತೆ. ಒಬ್ಬ ಹುಡುಗ ಕೋಲಿಗೆ ಕಟ್ಟಿದ ಮೆಷಿನ್ ಹಿಡಿದು ಬಂದು, ಮಾವಿನಕಾಯಿ ಉದುರಿಸುವ ಹಾಗೆ ಗಾಜಿಗೆ ತಾಗಿಸುತ್ತಿದ್ದನಂತೆ.

"ಹೊತ್ತು ಹೋಗಬೇಕಲ್ಲ, ಅಲ್ಲಿರೋ ಬೋರ್ಡ್ ಓದು" ಅಂದೆ. ಟೋಲಿನಲ್ಲಿ ಯಾರು ಯಾರು ದುಡ್ಡು ಕೊಡಬೇಕಿಲ್ಲ ಅಂತ ದೊಡ್ಡದಾಗಿ ಬರೆದಿರುತ್ತಾರೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಮಂತ್ರಿ, ರಾಜ್ಯಪಾಲರು, ಮುಖ್ಯಮಂತ್ರಿ, ಸಂಸದರು. ರಾಷ್ಟ್ರಪತಿಗಳು ಬಾಗೇಪಲ್ಲಿ ಕಡೆ ಕಾರು ಓಡಿಸಿಕೊಂಡು ಬಂದು, ಕಿಟಕಿ ಇಳಿಸಿ, ಬೋರ್ಡಿನಲ್ಲಿ ತಮ್ಮ ಹೆಸರು ಹುಡುಕೋ ದಿನ ಬಂದರೂ ಬರಬಹುದು, ನಮಗೇಕೆ. ಆ ಪಟ್ಟಿಯಲ್ಲಿ ನಮ್ಮಂಥವರಿಗೂ ಒಂದು ಜಾಗವಿದೆ. ಆಂಬುಲೆನ್ಸಿನ ಜೊತೆಗೆ ಬರುತ್ತದೆ ನೋಡಿ, ಶವ ಸಾಗಿಸುವ ವಾಹನ. ರೋಡ್ ದಾಟಲು ಹೋಗಿ ನಮ್ಮೂರಿನ ಕೆಲವರು ಆ ರಿಯಾಯಿತಿ ಪಡೆದಿದ್ದಾರೆ.

ಟೋಲಿಂದ 20 ಕಿಲೋಮೀಟರ್ ಒಳಗಿರೋರಿಗೆ ತಿಂಗಳ ಪಾಸ್ ಉಂಟು, ಅದನ್ನು ಮರೆಯಬಾರದು. 2025-26ರಲ್ಲಿ 350 ರೂಪಾಯಿ ಇತ್ತು. ಸ್ವಂತ ಕಾರಿಗೆ ಮಾತ್ರ. ಹೊಲಕ್ಕೆ ಕಾರಲ್ಲಿ ಹೋಗೋ ಕಾಲ ಬರಲಿ, ಮಾಡಿಸೋಣ.

ಹೊರಡೋ ಮುಂಚೆ ಹುಡುಗ ಇನ್ನೊಂದು ವಿಷಯ ಹೇಳಿದ್ದ. ಜಮ್ಮು ಕಡೆ ಇದೇ 44ಕ್ಕೆ ಹಿಮಾಲಯವನ್ನೇ ಕೊರೆದು ಚೆನಾನಿಯಿಂದ ನಾಶ್ರಿಗೆ 9 ಕಿಲೋಮೀಟರ್ ಸುರಂಗ ಮಾಡಿದ್ದಾರೆ, ಒಳಗೆ ಹೋದರೆ ಹಗಲಿನ ಹಾಗೆ ಬೆಳಕು ಅಂತ. ಅದಕ್ಕಿಂತ ನನಗೆ ಹಿಡಿಸಿದ್ದು ಪೆಂಚ್ ಕಾಡಿನ ಕಥೆ. ನಾಗಪುರದ ಹತ್ತಿರ ಇದೇ ರೋಡು ಹುಲಿಗಳ ಕಾಡಿನ ನಡುವೆ ಹೋಗುತ್ತದೆ. ಹುಲಿ ದಾಟಲಿಕ್ಕೆ ಕಷ್ಟವಾಗುತ್ತೆ ಅಂತ ಕೋರ್ಟಿಗೆ ಹೋದರು. ಕೊನೆಗೆ ಮಹಾರಾಷ್ಟ್ರದ ಭಾಗದಲ್ಲಿ ಒಂಬತ್ತು ಕಡೆ ರೋಡನ್ನು ಎತ್ತಿ, ಕೆಳಗೆ ದಾರಿ ಬಿಟ್ಟರು. ಒಂದೊಂದರ ಅಗಲ ನೋಡಿದರೆ ನಮ್ಮೂರಿನ ಜಾತ್ರೆ ಅಲ್ಲೇ ಮಾಡಬಹುದು. ಹುಲಿ, ಜಿಂಕೆ ಎಲ್ಲ ಅದರ ಕೆಳಗೆ ಆರಾಮಾಗಿ ದಾಟುತ್ತವೆ, ಕ್ಯಾಮೆರಾದಲ್ಲಿ ಸಿಕ್ಕಿದೆ. ಒಳ್ಳೇ ಕೆಲಸ, ಹೊಟ್ಟೆಕಿಚ್ಚಿಲ್ಲ. ನಮ್ಮ ಪಂಚಾಯಿತಿಯವರಿಗೆ ಈ ವಿಷಯ ಹೇಳಿದೆ. ಮುಂದಿನ ಅರ್ಜಿಯಲ್ಲಿ ಗ್ರಾಮಸ್ಥರು ಅನ್ನೋದು ಬಿಟ್ಟು ವನ್ಯಜೀವಿಗಳು ಅಂತ ಬರೆಯೋಣವಾ ಅಂತ ಯೋಚನೆ ಮಾಡುತ್ತಿದ್ದಾರೆ.

ಹೆದ್ದಾರಿಯಿಂದ ನಮಗೇನೂ ಸಿಕ್ಕಿಲ್ಲ ಅಂದರೆ ಸುಳ್ಳಾಗುತ್ತೆ. ಸುಗ್ಗಿಯಲ್ಲಿ ಹುರುಳಿಯನ್ನು ಸರ್ವೀಸ್ ರೋಡಿನ ಮೇಲೆ ಹಾಸುತ್ತೇವೆ. ಪಂಜಾಬಿನ ಲಾರಿ, ತಮಿಳುನಾಡಿನ ಲಾರಿ ಬಂದು ಪುಗಸಟ್ಟೆ ತುಳಿದುಕೊಟ್ಟು ಹೋಗುತ್ತವೆ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡರೆ ಬೆಂಕಿ ಹತ್ತಿಕೊಳ್ಳುತ್ತೆ, ಬೈಕ್ ಜಾರುತ್ತೆ. ತಪ್ಪು ಅಂತ ಗೊತ್ತು, ಪೊಲೀಸರೂ ಬಂದು ಬೈಯುತ್ತಾರೆ. ಕಣ ಎಲ್ಲಿತ್ತು ಅಂತ ಅವರಿಗೆ ತೋರಿಸಿದೆ. ಅವರ ಜೀಪು ನಿಂತಿದ್ದ ಜಾಗವೇ.

ಎರಡೂವರೆಗೆ ಹುಡುಗ ಮತ್ತೆ ಆಚೆ ಕಡೆ ರೋಡಿಗೆ ಬಂದ. ಎರಡೂವರೆ ಗಂಟೆ ಸುತ್ತಿ ಮೊದಲು ಫೋನ್ ಮಾಡಿದ್ದ ಜಾಗಕ್ಕೇ ಬಂದು ನಿಂತ. ಅಲ್ಲೊಂದು ಟೀ ಅಂಗಡಿ ಇದೆ. "ನೀನು ಅಲ್ಲೇ ಇರು, ನಾನೇ ಬರ್ತೀನಿ" ಅಂದೆ.

ನಮ್ಮನೆಯವಳು ಕ್ಯಾರಿಯರ್ ತುಂಬಿಸಿಕೊಟ್ಟಳು. ಕಬ್ಬಿಣದ ತಡೆಯಲ್ಲಿ ಊರಿನವರು ಸರಿಸಿಟ್ಟ ಒಂದು ಸಂದಿ ಇದೆ. ರೋಡಿನವರು ಮುಚ್ಚುತ್ತಾರೆ, ನಾವು ತೆಗೆಯುತ್ತೇವೆ. ಅದರಲ್ಲಿ ನುಸುಳಿ, ಎರಡು ಲೇನ್ ಓಡಿ, ಡಿವೈಡರ್ ಹತ್ತಿ, ಕಣಗಿಲೆ ಗಿಡದ ನಡುವೆ ಲುಂಗಿ ಎತ್ತಿ ಕಟ್ಟಿ ನಿಂತೆ. ಲಾರಿಗಳು ಹೋಗಲಿ ಅಂತ ಕಾದು, ಇನ್ನೆರಡು ಲೇನ್ ಓಡಿದೆ. ಹುಡುಗ ಬೆವೆತುಹೋಗಿದ್ದ. "ದೊಡ್ಡಪ್ಪಾ, ಹೀಗೆಲ್ಲ ದಾಟಬಾರದು, ಡೇಂಜರ್" ಅಂದ.

"ಹೌದಪ್ಪ, ಬೋರ್ಡೂ ಹಾಕಿದಾರೆ" ಅಂದೆ.

ಕಾರಿನ ಬಾನೆಟ್ ಮೇಲೆ ಎಲೆ ಹಾಸಿ ಉಂಡ. ಮುದ್ದೆ ಆರಿ ಕಲ್ಲಾಗಿತ್ತು, ಸಾರಲ್ಲಿ ಮುಳುಗಿಸಿ ನುಂಗಿದ. ದೊಡ್ಡಮ್ಮನಿಗೆ ಅಂತ ಕಾಶ್ಮೀರದ ಅಕ್ರೋಟ್ ಪೊಟ್ಟಣ ಕೊಟ್ಟ. ಇಬ್ಬರೂ ಆಚೆ ಈಚೆ ನಿಂತು ಕೈ ಬೀಸಿಕೊಂಡು ಮಾತಾಡಿದರು, ಫೋನಿನಲ್ಲಿ.

ಮರುದಿನ ಸಂಜೆ ಅವನ ಫೋಟೋ ಬಂತು. ಹಿಂದೆ ಸಮುದ್ರ, ಬಂಡೆ, ಮುಳುಗೋ ಸೂರ್ಯ. ಕೆಳಗೆ ಬರೆದಿದ್ದ: "ಕನ್ಯಾಕುಮಾರಿ ತಲುಪಿದೆ ದೊಡ್ಡಪ್ಪ. ಕ್ಯಾರಿಯರ್ ಟೀ ಅಂಗಡಿಯಲ್ಲೇ ಬಿಟ್ಟಿದ್ದೀವಿ ನೋಡಿ, ತಗೊಂಡುಬಿಡಿ."

ಟೀ ಅಂಗಡಿ ನಮ್ಮ ಜಗಲಿಯಿಂದಲೇ ಕಾಣುತ್ತೆ. ಕಟ್ಟೆಯ ಮೇಲೆ ಕ್ಯಾರಿಯರ್ ಹೊಳೆಯುತ್ತಾ ಕೂತಿತ್ತು. ಅವತ್ತು ಬೆಳಗ್ಗೆ ರೋಡಿನವರು ಬಂದು ನಮ್ಮ ಸಂದಿಗೆ ಹೊಸ ಕಂಬಿ ಬಡಿದು, ವೆಲ್ಡಿಂಗ್ ಮಾಡಿ ಹೋಗಿದ್ದರು.

"ಯಾವಾಗ ತರ್ತೀರಾ?" ಅಂತ ನಮ್ಮನೆಯವಳು ಕೇಳಿದಳು.

ಅಂಡರ್‌ಪಾಸಿನ ನೀರು ಇಳಿಯಲಿ, ನೋಡೋಣ ಅಂದೆ.