ಓಡುವ ಮನೆಯ ಮೇಲೆ ಸೋಲಾರ್: ಸ್ಕ್ರೂ ಹೊಡೆಯಬೇಕಾ, ಅಂಟಿಸಬೇಕಾ?

ಅಮೆರಿಕದಲ್ಲಿ ಆರ್‌ವಿ, ಅಂದರೆ ಮನೆಯಂಥ ಗಾಡಿ, ಇಟ್ಟುಕೊಂಡ ಇಬ್ಬರು ಸಿಕ್ಕರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಛಾವಣಿ ಹತ್ತುತ್ತದೆ. ಎಷ್ಟು ವ್ಯಾಟ್ ಹಾಕಿದ್ದೀರಿ? ಸ್ಕ್ರೂ ಹೊಡೆದಿರಾ, ಅಂಟಿಸಿದಿರಾ? ಮಂಚ, ಒಲೆ, ಫ್ರಿಜ್, ಬಾತ್‌ರೂಮ್ ಎಲ್ಲ ಒಳಗೇ ಇರುವ ಈ ಓಡಾಡುವ ಮನೆಗಳಿಗೆ ಸೋಲಾರ್ ಈಗ ಇದ್ದೇ ಇರಬೇಕು ಅನ್ನುವಂತಾಗಿದೆ. ಹೇಗೆ ಹಾಕಬೇಕು ಅನ್ನುವುದರಲ್ಲಿ ಮಾತ್ರ ಒಬ್ಬರ ಮಾತು ಇನ್ನೊಬ್ಬರಿಗೆ ಆಗುವುದಿಲ್ಲ. ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ: ಪ್ಯಾನೆಲ್ ಕಮ್ಮಿ ಹಾಕಿ, ಹಾಕಿದ್ದನ್ನು ಸ್ಕ್ರೂ ಹೊಡೆದು ಗಟ್ಟಿಯಾಗಿ ಕೂರಿಸಿ. ಇಲ್ಲಿ ಬಹಳ ಜನ ಇದರ ಉಲ್ಟಾ ಮಾಡುತ್ತಾರೆ.

ಕಮ್ಮಿ ಸಾಕು ಅನ್ನುವುದು ಊರಿನಿಂದ ಬಂದ ಬುದ್ಧಿ. ಲೋಡ್ ಶೆಡ್ಡಿಂಗ್ ನೋಡಿಕೊಂಡು ಬೆಳೆದವರು ನಾವು. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ ಅನ್ನುವುದು ಮನೆಯ ಮಕ್ಕಳಿಗೂ ಗೊತ್ತಿರುತ್ತಿತ್ತು. ಎರಡು ಫ್ಯಾನು, ನಾಲ್ಕು ಲೈಟು, ಟೀವಿ. ಮಿಕ್ಸಿ ಹಾಕಿದರೆ ಬೈಗುಳ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿದ ಕೈಗೆ ಆರ್‌ವಿಯ ಕರೆಂಟ್ ವ್ಯವಸ್ಥೆ ಹೊಸದೇನೂ ಅಲ್ಲ. ಅದೇ ಬ್ಯಾಟರಿ, ಅದೇ ಇನ್ವರ್ಟರ್. ಚಾರ್ಜ್ ಮಾಡೋಕೆ ಲೈನ್ ಕರೆಂಟ್ ಬದಲು ಬಿಸಿಲು, ಅಷ್ಟೇ. ಇಲ್ಲಿನವರಿಗೆ ಆ ಅಭ್ಯಾಸ ಇಲ್ಲ. ಗೋಡೆಗೆ ಪ್ಲಗ್ ಚುಚ್ಚಿದರೆ ಕರೆಂಟ್ ಬರುತ್ತದೆ ಅಂತಲೇ ಬೆಳೆದಿದ್ದಾರೆ. ಹಾಗಾಗಿ ಅವರು ಲೆಕ್ಕ ಶುರು ಮಾಡುವುದೇ ಛಾವಣಿಯಿಂದ: ಎಷ್ಟು ಜಾಗ ಇದೆ, ಎಷ್ಟು ಪ್ಯಾನೆಲ್ ಹಿಡಿಸುತ್ತದೆ?

ಲೆಕ್ಕ ಒಳಗಿನಿಂದ ಶುರುವಾಗಬೇಕು. ಎಲ್‌ಇಡಿ ಲೈಟು, ನೀರಿನ ಪಂಪು, ಒಂದು ಫ್ಯಾನು, ಫೋನು, ಲ್ಯಾಪ್‌ಟಾಪ್, 12 ವೋಲ್ಟಿನ ಸಣ್ಣ ಫ್ರಿಜ್. ಇಷ್ಟಕ್ಕೆ ದಿನಕ್ಕೆ ಹೆಚ್ಚು ಕಮ್ಮಿ ಒಂದು ಯೂನಿಟ್ ಸಾಕು. ಒಳ್ಳೇ ಬಿಸಿಲಿದ್ದರೆ 300, 400 ವ್ಯಾಟ್ ಪ್ಯಾನೆಲ್ ಅದನ್ನು ಕೊಡುತ್ತದೆ. ಲೆಕ್ಕ ಕೆಡಿಸುವುದು ಏಸಿ. ಆರ್‌ವಿಗಳ ತಲೆ ಮೇಲೆ ಸಾಮಾನ್ಯವಾಗಿ ಕೂರುವುದು 13,500 ಬಿಟಿಯು ಏಸಿ, ಊರಿನ ಲೆಕ್ಕದಲ್ಲಿ ಒಂದು ಟನ್ನಿಗಿಂತ ಚೂರು ಜಾಸ್ತಿ. ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಸೋಲಾರಿನಲ್ಲೇ ಏಸಿ ಓಡಿಸುತ್ತೇನೆ ಅಂತ ಹಟ ಹಿಡಿದವರ ಛಾವಣಿ ನೋಡಿ: ಇಂಚು ಜಾಗ ಬಿಡದೆ ತುಂಬಿರುತ್ತಾರೆ. ಕಾಲಿಡಲು ಜಾಗ ಇಲ್ಲ. ಸಂದು, ತೂತು ಮುಚ್ಚಿದ ಸೀಲೆಂಟ್ ಬಿರುಕು ಬಿಟ್ಟಿದೆಯಾ ಅಂತ ನೋಡಲು ಹತ್ತುವ ಹಾಗಿಲ್ಲ. ಏಸಿಯ ಡಬ್ಬದ ನೆರಳು, ಗಾಳಿ ಹೋಗುವ ವೆಂಟಿನ ನೆರಳು, ಆಂಟೆನಾ ನೆರಳು ದಿನವಿಡೀ ಒಂದಲ್ಲ ಒಂದು ಪ್ಯಾನೆಲ್ ಮೇಲೆ ಬೀಳುತ್ತಿರುತ್ತದೆ. ಪ್ಯಾನೆಲ್ ಒಳಗಿನ ಸಣ್ಣ ಸಣ್ಣ ಸೋಲಾರ್ ಸೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ. ಅಂಗೈಯಷ್ಟು ನೆರಳು ಬಿದ್ದರೂ ಆ ಪ್ಯಾನೆಲ್ಲಿನ ಮೂರನೇ ಒಂದು ಭಾಗವೋ ಅರ್ಧವೋ ಸುಮ್ಮನೆ ಕೂತುಬಿಡಬಹುದು. ಇದ್ದ ಜಾಗಕ್ಕೆಲ್ಲ ತುಂಬಿದ್ದರಲ್ಲಿ ಎಷ್ಟು ದುಡಿಯುತ್ತಿದೆ ಅಂತ ಮೀಟರ್ ನೋಡಿದರೆ ಗೊತ್ತಾಗುತ್ತದೆ.

ಸರಿ, ಕೂರಿಸುವ ವಿಷಯಕ್ಕೆ ಬರೋಣ. ಊರಿನಲ್ಲಿ ತಾರಸಿ ಅಂದರೆ ಕಾಂಕ್ರೀಟು. ಸೋಲಾರ್ ವಾಟರ್ ಹೀಟರ್ ಇಡಬೇಕಾದರೆ ಸ್ಟ್ಯಾಂಡ್ ಇಟ್ಟು ಬೋಲ್ಟ್ ಹಾಕಿದರೆ ಮುಗಿಯಿತು. ಅದರ ಪಕ್ಕದಲ್ಲೇ ಬಟ್ಟೆ ಒಣಗಿಸುತ್ತೇವೆ, ಸಂಜೆ ಕೂತು ಹರಟೆ ಹೊಡೆಯುತ್ತೇವೆ. ಆರ್‌ವಿ ಛಾವಣಿ ಆ ಜಾತಿಯದೇ ಅಲ್ಲ. ಇನ್ನೊಂದು ಗಾಡಿಯ ಹಿಂದೆ ಕಟ್ಟಿ ಎಳೆಯುವ ಹೆಚ್ಚಿನ ಟ್ರೇಲರ್‌ಗಳಲ್ಲಿ ಮೇಲೆ ಕಾಣುವುದು ಇಪಿಡಿಎಂ ಅಥವಾ ಟಿಪಿಒ ಅನ್ನುವ ರಬ್ಬರಿನಂಥ ತೆಳು ಹಾಳೆ. ಅದರ ಕೆಳಗೆ ಒಂದು ಸೆಂಟಿಮೀಟರ್ ಆಸುಪಾಸಿನ, ಕೆಲವದರಲ್ಲಿ ಇನ್ನೂ ತೆಳುವಾದ ಪ್ಲೈವುಡ್. ಅದರ ಕೆಳಗೆ ಅಷ್ಟಷ್ಟು ದೂರಕ್ಕೆ ಮರದ ಅಥವಾ ಅಲ್ಯೂಮಿನಿಯಂ ಅಡ್ಡಪಟ್ಟಿ. ನಿಜವಾದ ಬಲ ಇರುವುದು ಆ ಪಟ್ಟಿಗಳಲ್ಲಿ ಮಾತ್ರ.

ಅಂಟಿಸುವ ಪಕ್ಷದವರ ವಾದ ಸುಲಭ: ಛಾವಣಿಗೆ ತೂತು ಯಾಕೆ? ತೂತು ಅಂದರೆ ಸೋರಿಕೆ. ಅದಕ್ಕೆ ವಿಎಚ್‌ಬಿ ಅನ್ನುವ ಎರಡೂ ಕಡೆ ಅಂಟಿರುವ ಟೇಪ್ ತರುತ್ತಾರೆ. ಟೇಪ್ ಬಗ್ಗೆ ನನಗೆ ಅನುಮಾನ ಇಲ್ಲ. ಎತ್ತರದ ಕಟ್ಟಡಗಳಲ್ಲಿ ಗಾಜು, ಲೋಹದ ಹಲಗೆಗಳನ್ನು ಹಿಡಿದಿಡಲೂ ಆ ಜಾತಿಯ ಟೇಪ್ ಬಳಸುತ್ತಾರೆ. ಅನುಮಾನ ಇರುವುದು ಅದು ಹಿಡಿದುಕೊಳ್ಳುವ ವಸ್ತುವಿನ ಮೇಲೆ. ಟೇಪ್ ಹಿಡಿಯುವುದು ರಬ್ಬರ್ ಹಾಳೆಯನ್ನು ಮಾತ್ರ. ಆ ಹಾಳೆ ಕೆಳಗಿನ ಪ್ಲೈವುಡ್‌ಗೆ ಅಂಟಿನಲ್ಲೇ ನಿಂತಿದೆ. ಹಾಳೆ ಎದ್ದರೆ ಪ್ಯಾನೆಲ್ಲು ಟೇಪು ಎಲ್ಲ ಒಟ್ಟಿಗೇ ಎದ್ದು ಹೋಗುತ್ತದೆ. ಹಳೇ ಗಾಡಿಗಳಲ್ಲಿ ಹಾಳೆ ಅಲ್ಲಲ್ಲಿ ಗುಳ್ಳೆಯಂತೆ ಎದ್ದಿರುವುದನ್ನು ಯಾರು ಬೇಕಾದರೂ ನೋಡಬಹುದು.

ಗಾಳಿ ಹಗುರದ್ದಲ್ಲ. ಹೈವೇನಲ್ಲಿ ಗಂಟೆಗೆ 65 ಮೈಲಿ, ಅಂದರೆ 105 ಕಿ.ಮೀ. ಆ ವೇಗದ ಗಾಳಿ ನೇರವಾಗಿ ಬಡಿದರೆ ಒಂದು ಚದರ ಮೀಟರಿನ ಮೇಲೆ ಸುಮಾರು 50 ಕೆಜಿ ಭಾರದಷ್ಟು ಒತ್ತಡ. ಮಲಗಿಸಿದ ಪ್ಯಾನೆಲ್ಲಿಗೆ ಅಷ್ಟು ತಾಗುವುದಿಲ್ಲ, ನಿಜ. ಆದರೆ ಮುಂದಿನ ಅಂಚಿನ ಕೆಳಗೆ ಗಾಳಿ ನುಗ್ಗಿ ಎತ್ತುತ್ತಲೇ ಇರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಎದುರುಗಾಳಿ ಬೇರೆ, ಲಾರಿಗಳು ಪಕ್ಕದಲ್ಲಿ ಹಾದು ಹೋಗುವಾಗ ಕೊಡುವ ಏಟು ಬೇರೆ. ಆರೇಳು ಕೆಜಿಯ ಗಾಜಿನ ಹಲಗೆ ಹಿಂದಿನ ಕಾರಿನ ಮೇಲೆ ಬಿದ್ದರೆ ಆಮೇಲೆ ಸೋರಿಕೆಯ ಮಾತು ಯಾರಿಗೂ ನೆನಪಿರುವುದಿಲ್ಲ.

ಎಲ್ಲ ಛಾವಣಿಗೂ ಇದೇ ಮಾತು ಹೇಳುವುದಿಲ್ಲ. ಫೈಬರ್‌ಗ್ಲಾಸ್ ಛಾವಣಿ ಗಟ್ಟಿ, ನುಣುಪು. ಚೆನ್ನಾಗಿ ಒರೆಸಿ ಅಂಟಿಸಿದರೆ ಟೇಪ್ ಅಲ್ಲಿ ಒಪ್ಪುವ ಮಾತು. ವ್ಯಾನ್‌ಗಳಿಗೆ ಇನ್ನೂ ಅನುಕೂಲ. ಕಂಪನಿಯವರೇ ಕೊಟ್ಟ ರ‍್ಯಾಕ್ ಪಾಯಿಂಟ್‌ಗಳಿಗೆ ಅಡ್ಡಪಟ್ಟಿ ಕಟ್ಟಿ ಪ್ಯಾನೆಲ್ ಬಿಗಿದರೆ ಹೊಸ ತೂತೇ ಬೇಡ. ರಬ್ಬರ್ ಛಾವಣಿಗೆ ಮಾತ್ರ ನನ್ನ ವೋಟು ಸ್ಕ್ರೂಗೆ.

ತೂತಿನ ಹೆದರಿಕೆ ನಮಗೂ ಗೊತ್ತಿಲ್ಲದ್ದೇನಲ್ಲ. ಮಳೆಗಾಲದಲ್ಲಿ ಬಕೆಟ್ ಇಟ್ಟು ಮಲಗಿದವರಿಗೆ ಸೋರುವುದು ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಛಾವಣಿಯಲ್ಲಿ ತೂತುಗಳು ಆಗಲೇ ಬೇಕಾದಷ್ಟಿವೆ. ವೆಂಟ್, ಏಸಿ, ಪೈಪು, ಆಂಟೆನಾ, ಏಣಿಯ ಕಾಲು ಎಲ್ಲವೂ ಸ್ಕ್ರೂ ಹೊಡೆದೇ ಕೂತಿರುವುದು. ಸರಿಯಾಗಿ ಮುಚ್ಚಿದ ತೂತು ಸೋರುವುದಿಲ್ಲ. ಮುಚ್ಚುವ ಕ್ರಮ ಹೀಗೆ. ಪ್ಯಾನೆಲ್ಲನ್ನು ಎತ್ತಿ ಹಿಡಿಯುವ ಬ್ರ್ಯಾಕೆಟ್‌ನ ಪಾದ ಕೂರುವ ಜಾಗವನ್ನು ಸೋಪು ನೀರಿನಲ್ಲಿ ಉಜ್ಜಿ ಒಣಗಿಸಬೇಕು. ಇಪಿಡಿಎಂ ರಬ್ಬರಿಗೆ ಪೆಟ್ರೋಲ್, ಥಿನ್ನರ್ ಆಗಿಬರುವುದಿಲ್ಲ, ಹಾಳೆ ಉಬ್ಬುತ್ತದೆ. ಕೆಳಗೆ ಅಡ್ಡಪಟ್ಟಿ ಎಲ್ಲಿದೆ ಅಂತ ಆಯಸ್ಕಾಂತ ಓಡಿಸಿ ಹುಡುಕಬೇಕು. ಪ್ಲೈವುಡ್ ಮೂಲಕ ಪಟ್ಟಿಗೆ ಹೊಡೆದ ಮೊಳೆಯ ತಲೆಗಳು ಅದನ್ನು ಎಳೆಯುತ್ತವೆ. ಪಾದದ ಕೆಳಗೆ ಬ್ಯೂಟೈಲ್ ಟೇಪ್. ಅದು ಬೂದು ಬಣ್ಣದ ಮೆತ್ತನೆ ಪಟ್ಟಿ, ಬೆರಳಿಗೆ ಹತ್ತಿದರೆ ಬಿಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಗಿಯುತ್ತಾ ಹೋದರೆ ಬ್ಯೂಟೈಲ್ ನಾಲ್ಕೂ ಅಂಚಿನಲ್ಲಿ ಹೊರಗೆ ಉಕ್ಕುತ್ತದೆ. ಉಕ್ಕಿತು ಅಂದರೆ ಒಳಗೆ ಖಾಲಿ ಜಾಗ ಉಳಿದಿಲ್ಲ ಅಂತ. ಆಮೇಲೆ ಮೇಲಿನಿಂದ ಸೆಲ್ಫ್ ಲೆವೆಲಿಂಗ್ ಸೀಲೆಂಟ್. ಇಲ್ಲಿ ಅದಕ್ಕೆ ಡೈಕಾರ್ ಕಂಪನಿಯ ಹೆಸರು ಎಲ್ಲರಿಗೂ ಗೊತ್ತು. ಹಿಂಡಿದರೆ ತಾನೇ ಹರಡಿ ಸ್ಕ್ರೂ ತಲೆ, ಪಾದದ ಅಂಚು ಎಲ್ಲ ಮುಳುಗುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸಿಲಿಕಾನ್ ಮಾತ್ರ ಬೇಡ. ರಬ್ಬರಿಗೆ ಸರಿಯಾಗಿ ಹಿಡಿಯುವುದಿಲ್ಲ, ಅದನ್ನು ಪೂರ್ತಿ ಕೆರೆದು ತೆಗೆಯದೆ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ.

ವೈರ್ ಒಳಗೆ ಇಳಿಸಲು ಕೂಡ ಕೆಲವರು ಸುಮ್ನೆ ಇನ್ನೊಂದು ತೂತು ಕೊರೆಯುತ್ತಾರೆ. ಗ್ಯಾಸಿನಲ್ಲೂ ಓಡುವ ಹಳೇ ನಮೂನೆಯ ಫ್ರಿಜ್ ಇದ್ದರೆ ಅದರ ಬಿಸಿಗಾಳಿ ಹೋಗಲು ಛಾವಣಿಯಲ್ಲಿ ವೆಂಟ್ ಇರುತ್ತದೆ. ವೈರನ್ನು ಅಲ್ಲಿಂದಲೇ ಇಳಿಸಬಹುದು. ಬಿಸಿ ಕೊಳವೆಗೆ ತಾಗದಂತೆ ಕಟ್ಟಿದರೆ ಆಯಿತು.

ಬಾಗುವ ಫ್ಲೆಕ್ಸಿಬಲ್ ಪ್ಯಾನೆಲ್ ಬಗ್ಗೆ ಎರಡೇ ಮಾತು: ಹಗುರ, ತೆಳು, ಆದರೆ ಬಾಳಿಕೆ ಕಮ್ಮಿ. ಛಾವಣಿಗೆ ಮೈಯೊತ್ತಿ ಅಂಟಿಸಿದ ಪ್ಯಾನೆಲ್ಲಿಗೆ ಕೆಳಗಿನಿಂದ ಗಾಳಿ ಇಲ್ಲ. ಸೋಲಾರಿಗೆ ಬಿಸಿಲು ಬೇಕು, ಬಿಸಿ ಬೇಡ. 25 ಡಿಗ್ರಿಯ ಮೇಲೆ ಸೆಲ್ ಬಿಸಿಯಾದ ಒಂದೊಂದು ಡಿಗ್ರಿಗೂ ಉತ್ಪಾದನೆ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ಸೆಲ್ 65 ಡಿಗ್ರಿಗೆ ಹೋದರೆ ಏಳರಲ್ಲಿ ಒಂದು ಪಾಲು ಆಗಲೇ ಹೋಯಿತು ಅಂತ ಲೆಕ್ಕ. ಬ್ರ್ಯಾಕೆಟ್ ಮೇಲೆ ಎತ್ತಿ ಕೂರಿಸಿದ ಗಾಜಿನ ಪ್ಯಾನೆಲ್ ಕೆಳಗೆ ಗಾಳಿ ಆಡುತ್ತದೆ, ತಂಪಾಗಿರುತ್ತದೆ, ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಅಂಟಿಸಿದ್ದನ್ನು ಕಿತ್ತರೆ ಛಾವಣಿಯ ಚರ್ಮವೂ ಜೊತೆಗೆ ಬರುತ್ತದೆ.

ಇನ್ನು ಪ್ಯಾನೆಲ್ ಓರೆ ಮಾಡುವ ವಿಷಯ. ಊರಿಗೂ ಇಲ್ಲಿಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲೂ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಪ್ಯಾನೆಲ್ ಮಲಗಿಸಿಟ್ಟರೂ ನೇರ ಬಿಸಿಲಿನ ಶೇಕಡಾ 80ರಷ್ಟು ಸಿಗುತ್ತದೆ. ಜೂನಿನಲ್ಲಂತೂ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೇ ಹೋಗಿರುತ್ತಾನೆ. ಅರಿಜೋನಾದ ಕ್ವಾರ್ಟ್ಸ್‌ಸೈಟ್ ಅನ್ನುವ ಮರುಭೂಮಿಯ ಪುಟ್ಟ ಊರಿಗೆ ಚಳಿಗಾಲದಲ್ಲಿ ಆರ್‌ವಿಗಳು ಹಿಂಡು ಹಿಂಡಾಗಿ ಬರುತ್ತವೆ. ಪಕ್ಕದಲ್ಲೇ ಬಿಎಲ್‌ಎಂ ಅನ್ನುವ ಸರ್ಕಾರಿ ಇಲಾಖೆಯ ಬಯಲು ಜಾಗ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರ್ಮಿಟ್ ತಗೊಂಡು ತಿಂಗಳುಗಟ್ಟಲೆ ಇರಬಹುದು. ಕರೆಂಟ್ ಕನೆಕ್ಷನ್ ಇಲ್ಲ, ಎಲ್ಲ ಸೋಲಾರ್ ಮೇಲೆ. ಆದರೆ ಆ ಊರು 33 ಡಿಗ್ರಿಯ ಮೇಲಿದೆ. ಡಿಸೆಂಬರಿನಲ್ಲಿ ನಡು ಮಧ್ಯಾಹ್ನವೂ ಸೂರ್ಯ 33 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಮಲಗಿಸಿಟ್ಟ ಪ್ಯಾನೆಲ್ಲಿಗೆ ನೇರ ಬಿಸಿಲಿನ ಅರ್ಧಕ್ಕಿಂತ ಚೂರು ಜಾಸ್ತಿ ಸಿಗುತ್ತದೆ, ಅಷ್ಟೇ.

ಅದಕ್ಕೇ ಅಲ್ಲಿ ಬೆಳಗ್ಗೆ ಎದ್ದರೆ ಒಂದು ನೋಟ ಕಾಣುತ್ತದೆ. ಎಪ್ಪತ್ತು ದಾಟಿದ ಅಜ್ಜಂದಿರು ಕಾಫಿ ಮಗ್ ಕೆಳಗಿಟ್ಟು ಏಣಿ ಹತ್ತಿ, ಪ್ಯಾನೆಲ್ಲಿನ ಒಂದು ಬದಿ ಎತ್ತಿ ಕೋಲು ಸಿಕ್ಕಿಸುತ್ತಿರುತ್ತಾರೆ. ನನಗೆ ಅವರ ಉತ್ಸಾಹ ಇಷ್ಟ, ಆ ಏಣಿ ಇಷ್ಟ ಇಲ್ಲ. ಗಾಳಿ ಎದ್ದರೆ ಓಡಿ ಹೋಗಿ ಇಳಿಸಬೇಕು. ಹೊರಡುವ ದಿನ ಇಳಿಸಲು ಮರೆತರೆ ಮುಗಿಯಿತು. ತಿಂಗಳುಗಟ್ಟಲೆ ಒಂದೇ ಕಡೆ ಇರುವವರಿಗೆ ಸರಿ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸುವವರು ಓರೆ ಮಾಡುವ ಗೋಜಿಗೆ ಹೋಗದೆ ಇನ್ನೊಂದು ಪ್ಯಾನೆಲ್ ಮಲಗಿಸಿಯೇ ಹಾಕುವುದು ವಾಸಿ. ಕಮ್ಮಿ ಸಾಕು ಅನ್ನುವ ನನ್ನ ವಾದವನ್ನು ಇಲ್ಲಿ ಮಾತ್ರ ಸಡಿಲ ಬಿಡುತ್ತೇನೆ.

ಅಜ್ಜಂದಿರ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಇಲ್ಲಿನವರಿಂದ ನಾವು ಕಲಿಯಬೇಕಾದದ್ದು ಆ ಕೈಕೆಲಸವನ್ನು. ನಮ್ಮಲ್ಲಿ ಎಲೆಕ್ಟ್ರಿಷಿಯನ್ ಕರೆಸಿ, "ನೋಡ್ಕೊಂಡು ಹಾಕಪ್ಪ" ಅಂತ ಹೇಳಿ ಕೆಳಗೆ ಬಂದು ಕೂರುತ್ತೇವೆ. ಅವನು ಹೋದ ಮೇಲೆ ಯಾವ ವೈರ್ ಎಲ್ಲಿಗೆ ಹೋಗಿದೆ ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಇಲ್ಲಿ ಕೂಲಿ ದುಬಾರಿ, ಅದಕ್ಕೇ ತಾವೇ ಮಾಡುತ್ತಾರೆ ಅನ್ನುವುದು ಅರ್ಧ ಸತ್ಯ. ಉಳಿದರ್ಧ, ಅವರಿಗೆ ಅದು ಖುಷಿ. ಮ್ಯಾನ್ಯುಯಲ್ ಪೂರ್ತಿ ಓದುತ್ತಾರೆ. ಪ್ರತಿ ವೈರಿಗೆ ಚೀಟಿ ಅಂಟಿಸುತ್ತಾರೆ. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸ್ ಹಾಕುತ್ತಾರೆ. ನಡುಗಿ ಸಡಿಲವಾಗದ ನೈಲಾನ್ ಒಳಪದರದ ನಟ್ ಹುಡುಕಿ ತರುತ್ತಾರೆ. ವರ್ಷಕ್ಕೆರಡು ಸಲ ಛಾವಣಿ ಹತ್ತಿ ಸೀಲೆಂಟ್ ನೋಡುತ್ತಾರೆ. ಕಾಲಿಟ್ಟಲ್ಲಿ ಮೆತ್ತಗೆ ಅನಿಸಿದರೆ ಪ್ಲೈವುಡ್ ಒಳಗೆ ನೀರು ಕುಡಿದಿದೆ ಅಂತ ಆಗಲೇ ಗೊತ್ತಾಗುತ್ತದೆ.

ಗಾಡಿ ಮಾರುವವರು "ಸೋಲಾರ್ ರೆಡಿ" ಅಂತ ಸ್ಟಿಕ್ಕರ್ ಅಂಟಿಸಿರುತ್ತಾರಲ್ವಾ, ಅದನ್ನು ನೋಡಿ ಮರುಳಾಗಬೇಡಿ. ಬಹಳ ಸಲ ಅದರ ಹಿಂದೆ ಇರುವುದು ಛಾವಣಿಯಿಂದ ಇಳಿದ ಒಂದು ವೈರು, ಇಲ್ಲವೇ ಪಕ್ಕದ ಗೋಡೆಯಲ್ಲಿ ಒಂದು ಸಾಕೆಟ್. ಪ್ಯಾನೆಲ್ಲೂ ಇಲ್ಲ, ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಬಿಡುವ ಕಂಟ್ರೋಲರ್ರೂ ಇಲ್ಲ. ವೈರ್ ಎಷ್ಟು ದಪ್ಪ, ಎಲ್ಲಿಗೆ ಹೋಗುತ್ತದೆ ಅಂತ ಕೇಳಿ.

ಆ ಪಕ್ಕದ ಸಾಕೆಟ್ ಬೇಡದ್ದೇನೂ ಅಲ್ಲ. ಕಾಡಿನ ಕ್ಯಾಂಪಿನಲ್ಲಿ ನನಗೆ ಗಾಡಿಯನ್ನು ಮರದ ಕೆಳಗೆ ನಿಲ್ಲಿಸುವ ಚಪಲ ಹೋಗುವುದಿಲ್ಲ. ಛಾವಣಿಯ ಪ್ಯಾನೆಲ್ ಆಗ ದಂಡ. ಮಡಚುವ ಪ್ಯಾನೆಲ್ ಒಂದನ್ನು ಬಿಸಿಲಿಗೆ ಎಳೆದು ಆ ಸಾಕೆಟ್‌ಗೆ ಚುಚ್ಚಿದರೆ ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಓರೆ ಮಾಡಲು ಏಣಿ ಬೇಡ, ಮೊಣಕಾಲೂರಿದರೆ ಸಾಕು. ಆದರೆ 12 ವೋಲ್ಟಿನಲ್ಲಿ ಉದ್ದ ವೈರ್ ಎಳೆದಷ್ಟೂ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ದಪ್ಪ ವೈರ್ ತಗೊಳ್ಳಿ, ಕಂಟ್ರೋಲರನ್ನು ಪ್ಯಾನೆಲ್ ಬೆನ್ನಿಗೆ ಬಿಡದೆ ಬ್ಯಾಟರಿ ಪಕ್ಕಕ್ಕೆ ತನ್ನಿ. ಮತ್ತೆ ಆ ಸಾಕೆಟ್‌ನ ಪ್ಲಸ್ ಮೈನಸ್ ಕಂಪನಿಯಿಂದ ಕಂಪನಿಗೆ ಉಲ್ಟಾ ಇರುತ್ತದೆ. ಚುಚ್ಚುವ ಮೊದಲು ಮೀಟರ್ ಹಿಡಿದು ನೋಡಿ.