ಸ್ಪಷ್ಟನೆ: ‘ಮಾರ್ಟಲ್ ಕಾಂಬ್ಯಾಟ್’ ಮಕ್ಕಳ ಸಿನಿಮಾ ಅಲ್ಲ

‘ಮಾರ್ಟಲ್ ಕಾಂಬ್ಯಾಟ್ ಕರಾಟೆ ಸಿನಿಮಾ, ರೇಟಿಂಗ್ ಪಿಜಿ-13, ರಜೆಯಲ್ಲಿ ಮಕ್ಕಳಿಗೆ ತೋರಿಸಿ’ ಅಂತ ಬದಿಯಡ್ಕ, ಕುಂಬಳೆ ಕಡೆಯ ಪೋಷಕರ ಗ್ರೂಪುಗಳಲ್ಲಿ ಮೆಸೇಜ್ ಓಡಾಡುತ್ತಿದೆ. ನಾನೂ ಕಳಿಸಿದ್ದೆ. ತಪ್ಪಾಯಿತು, ಕ್ಷಮಿಸಿ.

ಪಿಜಿ-13 (ಕೆಲವು ದೃಶ್ಯ 13 ತುಂಬದ ಮಕ್ಕಳಿಗೆ ಹಿಡಿಸದಿರಬಹುದು, ಪೋಷಕರು ಎಚ್ಚರ ಅನ್ನುವ ಅಮೆರಿಕದ ರೇಟಿಂಗ್) ಇರುವುದು ಇದೇ ಹೆಸರಿನ 1995ರ ಹಳೆಯ ಸಿನಿಮಾಕ್ಕೆ. ನಾವು ಮನೆಯಲ್ಲಿ ಹಾಕಿದ್ದು 2021ರದ್ದು. ಅದಕ್ಕೆ ಅಮೆರಿಕದಲ್ಲಿ ಆರ್ ರೇಟಿಂಗ್. ಅಂದರೆ 17 ತುಂಬದವರು ದೊಡ್ಡವರ ಜೊತೆ ಇಲ್ಲದೆ ಥಿಯೇಟರಿಗೆ ಹೋಗುವಂತಿಲ್ಲ. ಕಾರಣ ರಕ್ತಪಾತ, ಬೈಗುಳ.

ಶುರುವಿನಲ್ಲೇ ತಾಯಿ, ಮಗ ಮಂಜುಗಡ್ಡೆಯಾಗಿ ಸಾಯುತ್ತಾರೆ. ಮುಂದೆ ಒಬ್ಬನ ಎರಡೂ ತೋಳು ಕಿತ್ತು ಬರುತ್ತವೆ. ನನ್ನ 9 ವರ್ಷದ ಮಗ ತಲೆದಿಂಬು ತಬ್ಬಿಕೊಂಡು, ‘ಆ ಹುಡುಗ ಮತ್ತೆ ಎದ್ದನಾ ಅಮ್ಮಾ?’ ಅಂತ ಕೇಳುತ್ತಲೇ ಇದ್ದ. ಕರಾಟೆ ಕ್ಲಾಸಿಗೂ ಇದಕ್ಕೂ ಸಂಬಂಧವೇ ಇಲ್ಲ.

ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿನಲ್ಲಿ ಇದನ್ನೂ ಹಾಕಿ.