ಆನೆಯ ನೆರೆಯಲ್ಲಿ ಬಾಳುವವಳು ನೋಡಿದ ಡೈನೋಸಾರ್ ಸಿನಿಮಾ

2025ರ ಜುಲೈ ಮಳೆಯಲ್ಲಿ ಕೊಡಗಿನ ಸಿದ್ದಾಪುರದಿಂದ ಮೈಸೂರಿಗೆ ಹೋಗಿ, ಮಗಳ ಜೊತೆ ಕೂತು ‘ಜುರಾಸಿಕ್ ವರ್ಲ್ಡ್: ರೀಬರ್ತ್’ ನೋಡಿ ಬಂದೆ. 1993ರಲ್ಲಿ ‘ಜುರಾಸಿಕ್ ಪಾರ್ಕ್’ ಚಿತ್ರದಿಂದ ಆರಂಭವಾದ ಸರಣಿಯ ಏಳನೆಯ ಚಿತ್ರ ಇದು. ಅಂದಿನಿಂದಲೂ ಮನಸ್ಸಿನಲ್ಲಿ ಒಂದು ಅಸಮಾಧಾನ ಉಳಿದುಕೊಂಡಿದೆ. ಅದನ್ನು ಬಿಡಿಸಿ ಬರೆಯದೆ ಹೋಗುವುದಿಲ್ಲ ಎನಿಸಿ ಬರೆಯುತ್ತಿದ್ದೇನೆ. ಕಥೆಯ ವಿವರಗಳು ಬರುತ್ತವೆ, ಇನ್ನೂ ನೋಡದವರು ಗಮನಿಸಬೇಕು.

ನನ್ನ ತಕರಾರು ವಿಜ್ಞಾನದ ಬಗ್ಗೆ ಅಲ್ಲ. ಡೈನೋಸಾರ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷಗಳಾದವು. ಇದುವರೆಗೆ ಓದಲು ಸಾಧ್ಯವಾಗಿರುವ ಅತ್ಯಂತ ಹಳೆಯ ಡಿಎನ್‌ಎ, ಗ್ರೀನ್‌ಲ್ಯಾಂಡಿನ ಮಣ್ಣಿನಲ್ಲಿ ಸಿಕ್ಕಿದ್ದು, ಸುಮಾರು 20 ಲಕ್ಷ ವರ್ಷ ಹಿಂದಿನದು. ಈ ಸರಣಿಯ ಕಥೆಯಂತೆ ಸೊಳ್ಳೆ ಹೀರಿದ ರಕ್ತದಿಂದ ಡೈನೋಸಾರ್ ಹುಟ್ಟಿಸುವುದು ಆಗದ ಮಾತು ಎಂದು ತಿಳಿದೇ ನಾವು ಟಿಕೆಟ್ ಕೊಳ್ಳುತ್ತೇವೆ. ಕಥೆ ಕೇಳಲು ಕೂತವರು ಅಷ್ಟನ್ನು ಬಿಟ್ಟುಕೊಡಬೇಕು. ಆದರೆ ಅಷ್ಟು ದೊಡ್ಡ ಪ್ರಾಣಿಯೊಂದು ಪಕ್ಕದಲ್ಲಿದ್ದರೆ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಈ ಚಿತ್ರ ಮಾಡಿದವರು ಮರೆತಿದ್ದಾರೆ, ಮತ್ತು ಅದನ್ನು ನಾನು ಬಿಟ್ಟುಕೊಡಲಾರೆ.

ಚಿತ್ರದ ಮೊದಲ ಭಾಗದಲ್ಲೇ ಉದ್ದ ಕೊರಳಿನ ಡೈನೋಸಾರ್ ಒಂದು ಕಾಯಿಲೆಬಿದ್ದು ನ್ಯೂಯಾರ್ಕ್ ನಗರದಲ್ಲಿ ಕುಸಿದಿದೆ. ವಾಹನಗಳು ಸಾಲುಗಟ್ಟಿ ನಿಂತಿವೆ, ಜನರಿಗೆ ಅದು ಬರಿಯ ಅಡಚಣೆ. ಡೈನೋಸಾರ್‌ಗಳನ್ನು ನೋಡಿ ನೋಡಿ ಜಗತ್ತಿಗೆ ಬೇಸರ ಬಂದಿದೆ, ವಸ್ತುಸಂಗ್ರಹಾಲಯದ ಕಡೆಗೂ ಯಾರೂ ಸುಳಿಯುವುದಿಲ್ಲ ಎಂಬುದು ಕಥೆಯ ಬುನಾದಿ. ಈ ಬುನಾದಿಯನ್ನೇ ನಾನು ನಂಬಲಾರೆ. ಕೊಡಗಿನಲ್ಲಿ ನಮಗೆ ಕಾಡಾನೆ ಹೊಸದಲ್ಲ. ಹಲಸು ಹಣ್ಣಾಗುವ ಹೊತ್ತಿಗೆ ತೋಟಕ್ಕೆ ಇಳಿಯುತ್ತವೆ, ಬೈನೆ ಮರ ಕೆಡವುತ್ತವೆ, ವರ್ಷಗಟ್ಟಲೆ ಸಾಕಿದ ಕಾಫಿ ಗಿಡಗಳನ್ನು ಒಂದೇ ರಾತ್ರಿಯಲ್ಲಿ ತುಳಿದು ಹೋಗುತ್ತವೆ. ಕಂದಕ ತೋಡಿದ್ದಾಯಿತು, ಸೋಲಾರ್ ಬೇಲಿ ಹಾಕಿದ್ದಾಯಿತು, ರೈಲ್ವೆ ಕಂಬಿ ನೆಟ್ಟದ್ದೂ ಆಯಿತು. ಬೆಳಗ್ಗೆ ಕೆಲಸಕ್ಕೆಂದು ತೋಟದ ಕಾರ್ಮಿಕರ ಲೈನ್‌ಮನೆಯಿಂದ ಹೊರಟು ಆನೆಗೆ ಸಿಕ್ಕಿ ಮರಳಿ ಬಾರದವರ ಮನೆಗಳು ನಮ್ಮ ಸುತ್ತಲೇ ಇವೆ. ಸಿಟ್ಟಿದೆ, ಭಯವಿದೆ, ಇನ್ನು ಸಾಕು ಎಂಬ ಮಾತೂ ಇದೆ. ಅಸಡ್ಡೆ ಮಾತ್ರ ಇಲ್ಲ. ಎಂಟು ಸಲ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ, ಅದೇ ತಿಂಗಳು ಆನೆಯಿಂದ ಬಾಳೆಯನ್ನೆಲ್ಲ ಕಳೆದುಕೊಂಡಿದ್ದ ನೆರೆಮನೆಯ ಹಿರಿಯರು ಟಿವಿಯ ಮುಂದೆ ಕೂತು ಅತ್ತದ್ದನ್ನು ನಾನು ಕಂಡಿದ್ದೇನೆ. ರಸ್ತೆಯಲ್ಲಿ ಸಾಯುತ್ತಿರುವ ಅಷ್ಟು ದೊಡ್ಡ ಜೀವವನ್ನು ಕಂಡು ಒಂದು ಊರಿಗೆ ಊರೇ ಗೊಣಗುತ್ತದೆ ಎಂದರೆ, ಆ ಊರಿನ ಜನರನ್ನೂ ಕಥೆಗಾರರು ಸರಿಯಾಗಿ ನೋಡಿಲ್ಲ ಎಂದೇ ನನ್ನ ಅನಿಸಿಕೆ.

ಬೇಸರ ಬಂದಿರುವುದು ಸಿನಿಮಾ ತಯಾರಿಸುವವರಿಗೆ. ಇದ್ದ ಪ್ರಾಣಿ ಸಾಲದೆಂದು 2015ರಲ್ಲಿ ಇಂಡೋಮಿನಸ್ ರೆಕ್ಸ್ ಎಂಬ ಬೆರಕೆಯನ್ನು ತಂದರು, 2018ರಲ್ಲಿ ಇಂಡೋರ‍್ಯಾಪ್ಟರ್ ಬಂತು, ಈಗ ಆರು ಕೈಕಾಲುಗಳ ಡಿಸ್ಟಾರ್ಟಸ್ ರೆಕ್ಸ್. ಅದು ತೆರೆಗೆ ಬಂದಾಗ ನನಗೆ ಹೆದರಿಕೆ ಆಗಲಿಲ್ಲ, ಕನಿಕರವೂ ಹುಟ್ಟಲಿಲ್ಲ. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವುದಕ್ಕೆ ಬೆದರುತ್ತದೆ ಎಂಬ ಯಾವ ಗುರುತೂ ಇಲ್ಲದ ಮೇಲೆ ಅದನ್ನು ಪ್ರಾಣಿ ಎಂದು ಹೇಗೆ ನಂಬುವುದು?

ದೊಡ್ಡ ಪ್ರಾಣಿಯ ಭಯ ಹೇಗಿರುತ್ತದೆ ಎಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕಾಫಿ ಕೊಯ್ಲಿನ ಒಂದು ಬೆಳಗ್ಗೆ, ಮಂಜು ಇನ್ನೂ ಏಳದ ಹೊತ್ತಿನಲ್ಲಿ, ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಮುಂದೆ, ನಾನು ಹಿಂದೆ ನಡೆಯುತ್ತಿದ್ದೆವು. ಅವರು ಇದ್ದಕ್ಕಿದ್ದಂತೆ ನಿಂತು ಕೈಯನ್ನು ಹಿಂದಕ್ಕೆ ಚಾಚಿ, “ಅಮ್ಮಾ, ಮಾತಾಡಬೇಡಿ, ವಾಸನೆ ಬರ್ತಾ ಇದೆ” ಎಂದರು. ನನಗೆ ರೋಬಸ್ಟಾ ಎಲೆಗಳ ಹೊರತು ಬೇರೇನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಹೊಟ್ಟೆಯ ಆಳದಿಂದ ಬರುವ ಗುಡುಗುಡು ಸದ್ದು ಕೇಳಿಸಿತು, ಒಂದು ಕೊಂಬೆ ಮುರಿಯಿತು, ಆಮೇಲೆ ನಾನು ಬಂಡೆ ಎಂದುಕೊಂಡಿದ್ದ ಬೂದು ಬಣ್ಣ ಕಿವಿ ಆಡಿಸಿತು. ಇಪ್ಪತ್ತು ಹೆಜ್ಜೆ ದೂರವೂ ಇರಲಿಲ್ಲ. ಪಾದದೊಳಗೆ ಕೊಬ್ಬಿನ ದಪ್ಪ ಮೆತ್ತೆ ಇರುವುದರಿಂದ ಮೂರು ನಾಲ್ಕು ಟನ್ ತೂಕದ ಆ ಪ್ರಾಣಿ ತರಗೆಲೆಯ ಮೇಲೂ ಸದ್ದಿಲ್ಲದೆ ನಡೆದು ಬಂದಿತ್ತು. ಅದು ಘೀಳಿಡಲಿಲ್ಲ, ಅಟ್ಟಿಸಿಕೊಂಡು ಬರಲಿಲ್ಲ, ಸೊಪ್ಪು ಮೇಯುತ್ತಿತ್ತು ಅಷ್ಟೆ. ನಾವು ಬಂದ ದಾರಿಯಲ್ಲೇ ಹಿಂದೆ ಸರಿದೆವು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ನನ್ನ ಕೈ ನಡುಗುತ್ತಿತ್ತು.

ಸ್ಪೀಲ್‌ಬರ್ಗ್ ಅವರ 1993ರ ಚಿತ್ರ ಈ ಭಯವನ್ನು ಬಲ್ಲದಾಗಿತ್ತು. 127 ನಿಮಿಷಗಳ ಆ ಚಿತ್ರದಲ್ಲಿ ಡೈನೋಸಾರ್‌ಗಳು ತೆರೆಯ ಮೇಲಿರುವುದು ಸುಮಾರು 15 ನಿಮಿಷ ಮಾತ್ರ. ಟಿ. ರೆಕ್ಸ್ ಎಂಬ ದೈತ್ಯ ಮಾಂಸಾಹಾರಿ ಡೈನೋಸಾರ್ ಬರುವ ಮೊದಲು ನಮಗೆ ತೋರಿಸುವುದು ಲೋಟದ ನೀರಿನಲ್ಲಿ ಏಳುವ ಅಲೆಗಳನ್ನು. ಗಿಟಾರಿನ ತಂತಿಯೊಂದನ್ನು ಕೆಳಗಿನಿಂದ ಮೀಟಿ ಆ ಅಲೆಗಳನ್ನು ಎಬ್ಬಿಸಿದ್ದರು. ಅದರ ಪ್ರಸಿದ್ಧ ಘರ್ಜನೆಯನ್ನು ಕಟ್ಟುವಾಗ ಬೆರೆಸಿದ ದನಿಗಳಲ್ಲಿ ಒಂದು ಮರಿಯಾನೆಯ ಕೂಗು ಎಂದು ತಿಳಿದ ದಿನ, ಅದು ನನ್ನ ಮೈಗೆ ಅಷ್ಟು ಹತ್ತಿರವಾಗಿ ತಾಗಿದ್ದೇಕೆ ಎಂದು ಅರ್ಥವಾಯಿತು. ಅದೇ ಚಿತ್ರದಲ್ಲಿ ಕಾಯಿಲೆಬಿದ್ದ, ಮೂರು ಕೊಂಬಿನ ಟ್ರೈಸೆರಟಾಪ್ಸ್ ಡೈನೋಸಾರ್ ಒಂದರ ಹೊಟ್ಟೆಗೆ ವಿಜ್ಞಾನಿಯೊಬ್ಬರು ಒರಗಿ, ಅದರ ಉಸಿರಿನೊಡನೆ ತಾವೂ ಏಳುತ್ತಾ ಇಳಿಯುತ್ತಾರೆ. ಸ್ಟಾನ್ ವಿನ್‌ಸ್ಟನ್ ಅವರ ಕಾರ್ಯಾಗಾರದಲ್ಲಿ ಮಾಡಿದ ಯಂತ್ರ ಅದು. ಆದರೂ ಕಾಯಿಲೆಯ ಆನೆಯ ಪಕ್ಕ ಮಾವುತ ಕೂತಿರುವುದನ್ನು ನೋಡಿದವರಿಗೆ ಆ ದೃಶ್ಯದಲ್ಲಿ ಸುಳ್ಳು ಕಾಣಿಸುವುದಿಲ್ಲ.

ಹೊಸ ಚಿತ್ರದಲ್ಲಿ ಒಳ್ಳೆಯದು ಏನೂ ಇಲ್ಲ ಎಂದರೆ ಅನ್ಯಾಯವಾದೀತು. ಹೊಟ್ಟೆ ತುಂಬಿ ಹೊಳೆಯ ದಡದಲ್ಲಿ ಮಲಗಿರುವ ಟಿ. ರೆಕ್ಸ್ ಪಕ್ಕದಿಂದ ಒಂದು ಕುಟುಂಬ ಗಾಳಿ ತುಂಬಿದ ದೋಣಿಯನ್ನು ಸದ್ದಿಲ್ಲದೆ ಸಾಗಿಸಲು ನೋಡುವ ದೃಶ್ಯ ಚೆನ್ನಾಗಿದೆ. ಅದರ ಮೂಲ ಮೈಕೆಲ್ ಕ್ರೈಟನ್ ಅವರ 1990ರ ಕಾದಂಬರಿಯಲ್ಲಿದೆ. ಪ್ರಾಣಿ ನಿದ್ದೆ ಮಾಡುತ್ತಿದ್ದಷ್ಟು ಹೊತ್ತು ನಾನೂ ಉಸಿರು ಬಿಗಿಹಿಡಿದಿದ್ದೆ. ಎದ್ದು ಓಡಿಸತೊಡಗಿದ ಮೇಲೆ ಅದು ಎಂದಿನ ಓಟವಾಯಿತು.

ಕಥೆಯಲ್ಲಿ ಹೃದಯರೋಗದ ಔಷಧಿಗೆಂದು ನೀರು, ನೆಲ, ಆಕಾಶಗಳ ಮೂರು ದೈತ್ಯ ಪ್ರಾಣಿಗಳ ರಕ್ತ ಬೇಕು, ಅದೂ ಜೀವಂತ ಇರುವಾಗಲೇ ತೆಗೆದದ್ದು. ನೆಲದ ಪ್ರಾಣಿ ಟೈಟನೊಸಾರ್. ಆ ಹೆಸರು ನಮ್ಮ ದೇಶದ ಮೂಳೆಗಳಿಂದಲೇ ಬಂದದ್ದು. ಜಬಲ್ಪುರದಲ್ಲಿ ಸಿಕ್ಕ ಅವಶೇಷಗಳಿಗೆ 1877ರಲ್ಲಿ ಪಳೆಯುಳಿಕೆ ತಜ್ಞ ರಿಚರ್ಡ್ ಲಿಡೆಕರ್ ‘ಟೈಟನೊಸಾರಸ್’ ಎಂದು ಹೆಸರಿಟ್ಟರು. ಚಿತ್ರದಲ್ಲಿ ಎತ್ತರದ ಹುಲ್ಲಿನ ನಡುವೆ ಅವುಗಳ ಒಂದು ಜೋಡಿ ಕೊರಳಿಗೆ ಕೊರಳು ತಾಗಿಸಿ ನಿಲ್ಲುತ್ತದೆ. ಯಾರನ್ನೂ ಓಡಿಸುವುದಿಲ್ಲ. ಮನುಷ್ಯರು ಕಾಲಬುಡದಲ್ಲಿ ನಿಂತಿರುವುದು ಅವುಗಳ ಗಮನಕ್ಕೂ ಬರುವುದಿಲ್ಲ. ವಿಜ್ಞಾನಿ ಒಂದರ ಕಾಲನ್ನು ಮುಟ್ಟಿ ಕಣ್ಣು ತುಂಬಿಕೊಳ್ಳುತ್ತಾನೆ. ಅಲ್ಲಿಯವರೆಗೆ ಗಲಗಲ ಎನ್ನುತ್ತಿದ್ದ ಚಿತ್ರಮಂದಿರ ಮೌನವಾಯಿತು, ಹಿಂದಿನ ಸಾಲಿನ ಹುಡುಗರು ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಿದರು. ಮಗಳು ನನ್ನ ಕಿವಿಯ ಹತ್ತಿರ ಬಂದು, “ಅಮ್ಮಾ, ಇನ್ನೂ ಸ್ವಲ್ಪ ಹೊತ್ತು ಇವನ್ನೇ ತೋರಿಸ್ತಾರಾ?” ಎಂದು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ರಕ್ತ ತೆಗೆಯುವ ಸೂಜಿಯ ಬಂದೂಕು ತೆರೆಯ ಮೇಲೆ ಎದ್ದಿತು.